ಅತ್ತೆಯ ಹನ್ನೊಂದು ಕಲ್ಲು

ನಮ್ಮ ಮನೆಯ ಮುಂದಿನ ಖಾಲಿ ಜಾಗ ಮೂವತ್ತು ಅಡಿ ಅಗಲ, ಇಪ್ಪತ್ತು ಅಡಿ ಉದ್ದ. ಅಷ್ಟಕ್ಕೇ ನಾನು ಒಂದು ಇಡೀ ನೋಟುಬುಕ್ಕು ಬರೆದು ತುಂಬಿಸಿದ್ದೆ. ನಗುವವರು ನಗಲಿ. ಕೋಸಗಿ ಕಡೆಯ ಹಳ್ಳಿಗಳಲ್ಲಿ ಕನ್ನಡ ಶಾಲೆಯ ಟೀಚರಾಗಿ, ಬಾಡಿಗೆ ಮನೆಗಳಲ್ಲಿ ಇನ್ನೊಬ್ಬರ ತುಳಸಿಕಟ್ಟೆಗೆ ನೀರು ಹಾಕುತ್ತಲೇ ಅರ್ಧ ಆಯುಷ್ಯ ಕಳೆದವಳು ನಾನು. ಆದೋನಿಯ ಅಂಚಿನಲ್ಲಿ, ಮೊದಲು ಹತ್ತಿ ಹೊಲವಾಗಿದ್ದ ಲೇಔಟಿನಲ್ಲಿ ಸ್ವಂತ ಮನೆ ಎದ್ದ ಮೇಲೆ, ಅದರ ಮುಂದೆ ಏನಿರಬೇಕೆಂದು ಯಾರನ್ನೂ ಕೇಳದೆ ನಾನೇ ತೀರ್ಮಾನ ಮಾಡಿದ್ದೆ. ಹಸಿರು ಹುಲ್ಲು, ನಡುವೆ ಮೂರು ದುಂಡು ಬಂಡೆ, ಬಂಡೆಯ ಬುಡಕ್ಕೆ ಬಿಳಿ ಕಲ್ಲು. ಎಲ್ಲ ಫೋನಿನಲ್ಲಿ ನೋಡಿದ್ದೇ.

“ಹುಲ್ಲಿಗೆ ನೀರೆಲ್ಲಿಂದ ತರ್ತಿ? ನಾಕು ದಿನಕ್ಕೊಮ್ಮೆ ನಳ ಬರ್ತೈತಿ, ಅದೂ ಮನಸ್ಸು ಬಂದ್ರ,” ಅಂದರು ನಮ್ಮನೆಯವರು. ಅವರು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಸೂಪರ್‌ವೈಜರು. ಎಲ್ಲದಕ್ಕೂ ಮೊದಲು ಅಡ್ಡ ಬಾಯಿ ಹಾಕಿ, ಆಮೇಲೆ ಒಪ್ಪಿಕೊಳ್ಳುವ ಜಾತಿ. ನಾನು ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡವಳು. “ನಿಮ್ಮ ಸ್ಕೂಟರ್ ತೊಳಿಯೋ ನೀರು ಸಾಕು ಬಿಡ್ರಿ,” ಅಂದೆ.

ಆ ಪ್ಲಾನನ್ನು ಹರಿದು ಹಾಕಿಸಿದವರು ಅವರಲ್ಲ, ನಮ್ಮ ಅತ್ತೆ. ಅದೂ ಒಂದು ಮಾತೂ ಆಡದೆ.

ಅತ್ತೆಗೆ ಎಂಬತ್ತರ ಹತ್ತಿರ. ಆಸ್ಪರಿ ದಾರಿಯ ಮಳೆ ಬಂದರಷ್ಟೇ ಬೆಳೆ ಎನ್ನುವ ಒಂದು ಮೆಟ್ಟ ಊರಿನಲ್ಲಿ, ಕೆಂಪು ಹೊಲದಲ್ಲಿ ಶೇಂಗಾ ಬಿಡಿಸಿ ಬಿಡಿಸಿ ಬೆನ್ನು ಬಾಗಿದವರು. ಚಪ್ಪಲಿ ಹಾಕುವುದೆಂದರೆ ಮದುವೆಗೆ, ಆಸ್ಪತ್ರೆಗೆ ಮಾತ್ರ. ನಮ್ಮ ಜೊತೆ ಇರಲು ಬಂದ ಎರಡನೇ ವರ್ಷಕ್ಕೆ ಅವರ ಕಣ್ಣು ಮಂಜಾದವು. ಪೊರೆ ಇರಬೇಕು, ತೆಗೆಸಿದರಾಯಿತು ಎಂದುಕೊಂಡು ಕರ್ನೂಲಿಗೆ ಕರೆದುಕೊಂಡು ಹೋದರೆ, ಕಣ್ಣಿನ ನರವೇ ಒಣಗಿದೆ, ಹೋದದ್ದು ಮತ್ತೆ ಬರುವುದಿಲ್ಲ ಅಂದರು ಡಾಕ್ಟರು. ಈಗ ಬೆಳಕು ನೆರಳು ಗೊತ್ತಾಗುತ್ತದೆ, ಅಷ್ಟೇ.

ಅವರಿಗೆ ಮನೆಯಲ್ಲಿ ಒಂದು ಕೆಲಸವಿತ್ತು. ಯಾರೂ ಒಪ್ಪಿಸಿದ್ದಲ್ಲ. ಸಂಜೆ ಮಗ ಮಿಲ್ಲಿನಿಂದ ಬರುವ ಹೊತ್ತಿಗೆ ಹೋಗಿ ಗೇಟು ತೆಗೆಯುವುದು. ಮಗ ಹುಡುಗನಾಗಿದ್ದಾಗ ಪಕ್ಕದೂರಿನ ಹೈಸ್ಕೂಲಿನಿಂದ ನಡೆದು ಬರುತ್ತಿದ್ದನಂತೆ; ಅವನು ಬಾಗಿಲು ಬಡಿಯುವ ಮೊದಲೇ ಇವರು ತೆಗೆದು ನಿಂತಿರುತ್ತಿದ್ದರಂತೆ. “ಒಂದು ದಿನಾನೂ ನನ್ನ ಮಗ ಬಾಗಿಲ ಬಡದಿಲ್ಲ,” ಎಂದು ಅತ್ತೆ ಹೇಳದ ನೆಂಟರಿಲ್ಲ. ಕಣ್ಣು ಹೋದ ಮೇಲೂ ಸ್ಕೂಟರಿನ ಸದ್ದು ಹಿಡಿದು ತಡವರಿಸುತ್ತ ಹೋಗುತ್ತಿದ್ದರು. ಒಂದು ಸಂಜೆ ವರಾಂಡದ ಮೆಟ್ಟಿಲು ತಪ್ಪಿತು. ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು.

ಅಂದೇ ನಮ್ಮನೆಯವರು ವರಾಂಡದ ಗ್ರಿಲ್ಲಿಗೆ ಚಿಲಕ ಹಾಕಿಸಿದರು, ಅತ್ತೆಯ ಕೈಗೆ ಎಟುಕದಷ್ಟು ಮೇಲೆ. ಚಿಲಕ ಬಿದ್ದ ಸದ್ದಿಗೆ ಅತ್ತೆ ಆ ಕಡೆ ಮುಖ ತಿರುಗಿಸಿದರು.

“ದೊಡ್ಡ್ಯಾಗ ಕುರಿ ಕೂಡಿದಂಗ ಕೂಡಿದ್ಯಲ್ಲೋ ನನ್ನ.”

“ಯವ್ವಾ, ಇನ್ನೊಮ್ಮಿ ಬಿದ್ರ ಸೊಂಟ ಮುರೀತೈತಿ. ಹಾಸಿಗಿ ಹಿಡೀತಿ. ಬ್ಯಾಡ.”

ತಪ್ಪೇನೂ ಹೇಳಲಿಲ್ಲ ಅವರು. ಅದಕ್ಕೇ ನನಗೂ ಜಗಳ ತೆಗೆಯಲು ಬಾಯಿ ಬರಲಿಲ್ಲ. ಆದರೆ ಆಮೇಲೆ ದಿನಾ ನಡೆದದ್ದನ್ನು ನೋಡಿದವಳು ನಾನು. ಸಂಜೆ ಸ್ಕೂಟರಿನ ಸದ್ದಿಗೆ ಅತ್ತೆ ಮಂಚದಿಂದ ಏಳುತ್ತಿದ್ದರು. ಗ್ರಿಲ್ಲಿನ ತನಕ ಬಂದು ನಿಲ್ಲುತ್ತಿದ್ದರು. ಮಗ ತಾನೇ ಇಳಿದು ಗೇಟು ತೆಗೆದುಕೊಂಡು ಒಳಗೆ ಬಂದ ಸದ್ದು ಕೇಳಿದ ಮೇಲೆ ತಿರುಗಿ ಹೋಗಿ ಮಂಚದ ಮೇಲೆ ಕೂರುತ್ತಿದ್ದರು. ನನಗೂ ಅವರಿಗೂ ಉಪ್ಪು ಜಾಸ್ತಿ, ಖಾರ ಕಮ್ಮಿ ಎಂದು ದಿನಾ ಕಟಿಪಿಟಿ ಇದ್ದದ್ದೇ. ಆದರೂ ಅವರು ಹಾಗೆ ತಿರುಗಿ ಹೋಗುವುದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ.

ಒಂದು ವಾರ ನೋಡಿದೆ. ಆಮೇಲೆ ನೋಟುಬುಕ್ಕಿನಲ್ಲಿ ಹೊಸ ಹಾಳೆ ತೆಗೆದು ನಮ್ಮನೆಯವರ ಮುಂದೆ ಇಟ್ಟೆ. “ಹುಲ್ಲೂ ಬ್ಯಾಡ, ದುಂಡು ಬಂಡಿನೂ ಬ್ಯಾಡ. ಮೆಟ್ಟಿಲು ಕಿತ್ತು ಇಳಿಜಾರು ಮಾಡೋಣು. ಅಲ್ಲಿಂದ ಗೇಟಿನ ತನಕ ಒಂದು ಕಲ್ಲಿನ ದಾರಿ. ಎರಡೂ ಬಾಜೂಕ ಮೆತ್ತನ್ನ ಕೆಂಪು ಮಣ್ಣು. ಗೇಟಿನ ಹತ್ರ ಸಣ್ಣ ಜಲ್ಲಿ. ಕಾಲಿಗೆ ಕಲ್ಲು ಹತ್ತಿದ್ರ ದಾರಿ ಸರಿ ಐತಿ, ಮಣ್ಣು ಹತ್ತಿದ್ರ ತಪ್ಪೈತಿ, ಜಲ್ಲಿ ಹತ್ತಿದ್ರ ಗೇಟು ಬಂತು. ಇದರಾಗ ನಿಮ್ಮ ತಾಯಿ ಎಡವದ ಓಡಾಡಿದ್ರ ಆ ಚಿಲಕ ತೆಗೀಬೇಕು.”

ಅವರು ಹಾಳೆಯ ಮೇಲೆ ಗೇಟಿನ ತನಕ ಬೆರಳು ಎಳೆದು ನೋಡಿದರು. “ದಾರಿ ಒಂದು ಮಳಿಗಾಲ ದಾಟ್ಲಿ. ಚಿಲಕದ ಮಾತು ಆಮ್ಯಾಲ ನೋಡೋಣು,” ಅಂದರು. ಅವರ ಬಾಯಲ್ಲಿ ಅದು ಒಪ್ಪಿಗೆ.

ಕೈಯ ಪಟ್ಟಿ ಬಿಚ್ಚಿದ ಮೇಲೆ ಕಲ್ಲು ಆರಿಸಲು ಅತ್ತೆಯನ್ನೂ ಆಟೋದಲ್ಲಿ ಕರೆದುಕೊಂಡು ಹೋದೆ. ಅಂಗಡಿಯವನು ಮೊದಲು ತೋರಿಸಿದ್ದು ಬೇತಂಚೆರ್ಲ ಬಂಡೆ, ನುಣ್ಣಗೆ, ಮನೆಯೊಳಗೆ ಹಾಸುವಂಥದ್ದು. ನನಗೆ ಅದೇ ಹಿಡಿಸಿತು. ಅತ್ತೆ ಚಪ್ಪಲಿ ಬಿಟ್ಟು ಅದರ ಮೇಲೆ ನಿಂತರು. “ನೀರು ಹಾಕಪಾ ಇದರ ಮ್ಯಾಲ,” ಅಂದರು. ಅವನು ಒಂದು ಮಗ್ಗು ನೀರು ಸುರಿದ. ಅತ್ತೆ ಹೆಬ್ಬೆರಳಿನಿಂದ ಒಮ್ಮೆ ಉಜ್ಜಿ, “ಇದು ಜಾರ್ತೈತಿ. ಬ್ಯಾಡ,” ಅಂದರು. ಆಮೇಲೆ ಅಂಗಡಿಯಲ್ಲಿದ್ದ ಒಂದೊಂದು ರಾಶಿಯ ಮೇಲೂ ಕಾಲಿಡುತ್ತ ಹೋದರು. ಬಿಸಿಲಿಗೆ ಕಲ್ಲು ಕಾದಿತ್ತು. ನಾನು ಕೈ ಹಿಡಿದು ಹಿಂದೆ ಹಿಂದೆ.

“ಏಮಮ್ಮಾ, ಪೆದ್ದಮ್ಮ ಕಲ್ಲು ತುಳದು ತುಳದು ನೋಡಾಕತ್ತಾಳಲ್ಲ? ಕಣ್ಣಿಲೆ ನೋಡಿದ್ರ ಸಾಲದೇನು?” ಎಂದು ಅಂಗಡಿಯವನು ನಕ್ಕ. ಪೆದ್ದಮ್ಮ ಎಂದರೆ ತೆಲುಗಿನಲ್ಲಿ ದೊಡ್ಡಮ್ಮ.

“ಕಣ್ಣು ಇಲ್ಲಪಾ ನನಗ. ಕಾಲು ಅದಾವು,” ಅಂದರು ಅತ್ತೆ. ಅವನ ಮುಖ ಸಣ್ಣಗಾಯಿತು. ತಾನೇ ಬಂದು ಇನ್ನೊಂದು ಕೈ ಹಿಡಿದುಕೊಂಡ. ಮೂಲೆಯಲ್ಲಿ, ಆದೋನಿ ಗುಡ್ಡದ ಕಲ್ಲನ್ನೇ ಸೀಳಿ ಉಳಿಯಿಂದ ಒರಟಾಗಿ ಹೊಡೆದ ಚಪ್ಪಡಿಗಳಿದ್ದವು. ಕುರಿದೊಡ್ಡಿಯ ಗೋಡೆಗೆ ಒಯ್ಯುತ್ತಾರಂತೆ. ಅತ್ತೆಯ ಕಾಲು ಅಲ್ಲಿ ನಿಂತಿತು. ಒಂದೂವರೆ ಅಡಿ ಅಗಲದವು ಹನ್ನೊಂದು ಎಂದು ಬರೆಸಿ ಬಂದೆವು.

ಮಣ್ಣಿನ ಆಸಾಮಿ ಬೇರೆ. ಅವನದು ಒಂದು ಟ್ರ್ಯಾಕ್ಟರು, ಒಂದು ಟ್ರಾಲಿ, ನಿಲ್ಲದ ಬಾಯಿ. ಅರ್ಧ ತೆಲುಗು, ಅರ್ಧ ಕನ್ನಡ. ದಾರಿಯ ಉದ್ದಕ್ಕೂ ಎರಡು ಅಡಿ ಆಳಕ್ಕೆ ಇಲ್ಲಿನ ಎರೆ ಮಣ್ಣನ್ನು, ಎಂದರೆ ಹತ್ತಿ ಬೆಳೆಯುವ ಕರಿ ಮಣ್ಣನ್ನು, ತೆಗೆದುಹಾಕಬೇಕು, ಆ ಜಾಗಕ್ಕೆ ಹರಳು ಹರಳಾದ ಗರಸು ತುಂಬಿ, ನೀರು ಹೊಡೆದು, ದಿಮ್ಮಸಿನಿಂದ ಬಡಿದು ಗಟ್ಟಿ ಮಾಡಬೇಕು, ಆಮೇಲೆ ಕಲ್ಲು. ಎರಡು ಟ್ರಿಪ್ಪು ಗರಸು, ನಾಲ್ಕು ಟ್ರಿಪ್ಪು ಕೆಂಪು ಮಣ್ಣು ಎಂದು ಹೇಳಿದೆ. ಅವನು ತಂದ ಮೊದಲ ಟ್ರಿಪ್ಪು ಕೆಂಪು ಮಣ್ಣು ನೋಡಲು ಕುಂಕುಮದಂತಿತ್ತು. ನಾನು ಸುರಿ ಅನ್ನುವಷ್ಟರಲ್ಲಿ ಅತ್ತೆ ಒಂದು ಚಿಟಿಕೆ ತರಿಸಿಕೊಂಡು ನಾಲಿಗೆಯ ತುದಿಗೆ ಇಟ್ಟು ಥೂ ಎಂದು ಉಗಿದರು.

“ಚೌಳು ಐತಿ ಇದು. ಉಪ್ಪು ಉಪ್ಪು. ಒಂದು ಗಿಡ ಬರಂಗಿಲ್ಲ ಇದರಾಗ. ಎಲ್ಲಿಂದ ತಂದ್ಯೋ ಅಲ್ಲೇ ಹಾಕಿ ಬಾ ಹೋಗು.”

“ಅಯ್ಯೋ ಪೆದ್ದಮ್ಮಾ! ಮಣ್ಣು ರುಚಿ ನೋಡಿ ತಗೊಳ್ಳೋರನ್ನ ಇವತ್ತೇ ನೋಡಿದ್ದು ನಾ,” ಎಂದು ಅವನು ಹಣೆ ಹಣೆ ಬಡಿದುಕೊಂಡ. ಆದರೂ ತಿರುಗಿಸಿಕೊಂಡು ಹೋದ. ಮರುದಿನ ಆಸ್ಪರಿ ಕಡೆಯಿಂದ ಒಳ್ಳೆಯ ಮಣ್ಣು ತಂದ. ಟ್ರಾಲಿ ನಿಲ್ಲಿಸಿದವನೇ ತಾನಾಗಿ ಒಂದು ಚಿಟಿಕೆ ತೆಗೆದು ಅತ್ತೆಯ ಕೈಗೆ ಕೊಟ್ಟ.

ಇಷ್ಟೆಲ್ಲ ಬುದ್ಧಿವಂತಿಕೆ ತೋರಿಸಿದ ನಾವಿಬ್ಬರೂ ಸೇರಿ ಮಾಡಿದ ದಡ್ಡತನ ಇನ್ನು ಹೇಳಬೇಕು.

ಅಗೆಯಲು ಬಂದವರು ಕೋಸಗಿಯ ಗಂಡ ಹೆಂಡತಿ ಎರಡು ಜೋಡಿ, ದೂರದ ಊರಿನ ಕೂಲಿ ಮುಗಿಸಿ ಆಗಷ್ಟೇ ತಿರುಗಿ ಬಂದವರು. ಭಾನುವಾರವಾದ್ದರಿಂದ ನಾನೂ ಮನೆಯಲ್ಲಿದ್ದೆ. ಅರ್ಧ ಅಡಿ ಹೋಗುವಷ್ಟರಲ್ಲಿ ಟ್ರಾಲಿ ಅರ್ಧ ತುಂಬಿತು. ಅತ್ತೆ ವರಾಂಡದಲ್ಲಿ ಕೂತು, “ತೆಗದ ಮಣ್ಣು ಎಲ್ಲಿ ಹಾಕ್ತಿಯಪಾ?” ಎಂದು ಟ್ರ್ಯಾಕ್ಟರಿನವನನ್ನು ಕೇಳಿದರು.

“ಊರ ಹೊರಗ ಗಲೀಜು ನೀರಿನ ಕುಣಿ ಐತಲ್ಲ ಪೆದ್ದಮ್ಮಾ, ಅದನ್ನ ತುಂಬ್ಸಾಕ.”

ಅತ್ತೆ ಬುಟ್ಟಿ ಹೊತ್ತು ಹೋಗುತ್ತಿದ್ದ ಹೆಣ್ಣುಮಗಳನ್ನು ಕರೆದು ಬುಟ್ಟಿಯೊಳಗೆ ಕೈಯಿಟ್ಟರು. ಒಂದು ಹೆಂಟೆ ಒಡೆದು ಹಿಸುಕಿ ಮೂಸಿದರು. “ಇನ್ನಾ ತಂಪು ಐತಿ ನೋಡವ್ವಾ ಒಳಗ,” ಅಂದರು. ಆಮೇಲೆ, ಯಾರಿಗೂ ಅಲ್ಲ ಎನ್ನುವ ಹಾಗೆ, “ಇಂಥಾ ಎರಿ ಹೊಲ ಒಂದೆಕರೆ ಬೇಕಂತ ಬಡಕೊಂಡು ಬಡಕೊಂಡು ಸತ್ತ ನನ್ನ ಗಂಡ. ಜೀವಮಾನಾ ಪೂರ್ತಿ ಆ ಕೆಂಪು ಗರಸಿನಾಗ ಕುಂಟಿ ಹೊಡದ. ಈಗ ಇದನ್ನ ಗಲೀಜಿಗೆ ಹಾಕ್ತಾರಂತ,” ಅಂದರು.

ಆ ಹೆಣ್ಣುಮಗಳು ಬುಟ್ಟಿ ಕೆಳಗಿಟ್ಟು ನಿಂತುಬಿಟ್ಟಳು. ಗುದ್ದಲಿಯೂ ನಿಂತಿತು. ನಾನಾದರೂ ಯಾರು? ಗೋನೆಗಂಡ್ಲದ ಹತ್ತಿ ರೈತನ ಮಗಳು. ಎರೆ ಹೊಲದ ಹೆಂಟೆ ಮನೆಯೊಳಗೆ ಬಂದರೆ ಗುಡಿಸಿ ಆಚೆ ಹಾಕದೆ ಗಿಡದ ಬುಡಕ್ಕೇ ಹಾಕುತ್ತಿದ್ದಳು ನಮ್ಮವ್ವ. “ಸಾಕು ಬಿಡ್ರಿ,” ಅಂದೆ. “ಅರ್ಧ ಅಡಿ ತೆಗದದ್ದು ಸಾಕು. ಆ ಟ್ರಾಲ್ಯಾಗಿಂದೂ ಹಿಂದಿನ ಬಚ್ಚಲ ಬಾಳಿ ಬುಡಕ್ಕ ಹಾಕ್ರಿ. ಮ್ಯಾಲ ಗರಸು ಹಾಕಿ ಕಲ್ಲು ಕೂಡಿಸ್ರಿ.”

ಟ್ರ್ಯಾಕ್ಟರಿನವನು ನನ್ನ ಮುಖ ನೋಡಿದ. “ಒದ್ದು, ಬ್ಯಾಡ ಟೀಚರಮ್ಮಾ. ರೇಗಡಿ ನೀರು ಕುಡದ್ರ ಉಬ್ಬುತುಂದಿ. ಕಲ್ಲು ಎತ್ತಿ ಒಗೀತೈತಿ,” ಅಂದ. ಎರೆ ಮಣ್ಣಿಗೆ ತೆಲುಗಿನವರು ರೇಗಡಿ ಅನ್ನುತ್ತಾರೆ.

“ನನಗ ಹೇಳ್ತಿಯೇನಪಾ ಎರಿ ವಿಷಯ?” ಎಂದು ನಾನು ಜೋರು ಮಾಡಿದೆ. ಎರೆ ಮಣ್ಣು ನೀರು ಹೀರಿ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ ಎಂದು ವರ್ಷಾ ವರ್ಷಾ ಆರನೇ ಕ್ಲಾಸಿಗೆ ಬೋರ್ಡಿನ ಮೇಲೆ ಬರೆದು ಪಾಠ ಮಾಡುವವಳು ನಾನೇ.

ಮೆಟ್ಟಿಲಿನ ಜಾಗಕ್ಕೆ ಇಳಿಜಾರು ಬಂತು, ಕಲ್ಲು ಕೂತವು. ಅತ್ತೆ ಮೊದಲ ದಿನ ನನ್ನ ಕೈ ಹಿಡಿದು ನಡೆದರು, ಎರಡನೇ ದಿನ ನನ್ನ ಸೆರಗು ಹಿಡಿದು, ಮೂರನೇ ದಿನ “ಬಿಡು ನನ್ನ, ಬಾಲ ಹಿಡದಂಗ ಹಿಂದ ಬರಬ್ಯಾಡ,” ಎಂದು ಬೈದು ಒಬ್ಬರೇ. ಒಂದು, ಎರಡು ಎಂದು ಬಾಯಲ್ಲಿ ಎಣಿಸುತ್ತ ಹೋಗುತ್ತಿದ್ದರು. ಎಂಟನೇ ಕಲ್ಲಿನ ನಡುವೆ ಒಂದು ಉಳಿಯೇಟು ಆಳವಾಗಿ ಬಿದ್ದಿತ್ತು. ಅದು ಸಿಕ್ಕಿದರೆ ನಗುತ್ತಿದ್ದರು. ಆಗೆಲ್ಲ ನಾನು ಮನೆಯಲ್ಲಿದ್ದಾಗ ಮಾತ್ರ ಚಿಲಕ ತೆಗೆಯುತ್ತಿದ್ದದ್ದು. ನಮ್ಮನೆಯವರು ನೋಡಿಯೂ ನೋಡದ ಹಾಗೆ ಇರುತ್ತಿದ್ದರು. ಇನ್ನು ಮಳೆಗಾಲವೊಂದು ದಾಟಬೇಕಿತ್ತು.

ಮಳೆ ಬಂತು. ಮೂರು ದಿನ ಬಿಡದೆ ಹೊಡೆಯಿತು. ನಾಲ್ಕನೇ ದಿನ ಬೆಳಿಗ್ಗೆ ಬಿಸಿಲು ಬಿದ್ದಿತ್ತು, ಅತ್ತೆಗೆ ಖುಷಿ. “ಹೋಗಿ ಬರ್ತೀನಿ,” ಎಂದು ಪೇಟೆಗೆ ಹೊರಟವರ ಹಾಗೆ ಹೇಳಿ ಇಳಿದರು. ನಮ್ಮನೆಯವರು ವರಾಂಡದಲ್ಲಿ ಬೂಟು ಕಟ್ಟುತ್ತಿದ್ದರು. ಅತ್ತೆ ಐದರ ತನಕ ಎಣಿಸಿದ್ದು ನನಗೆ ಒಳಗೆ ಕೇಳಿತು. ಆರು ಕೇಳಲಿಲ್ಲ. “ಯವ್ವಾ!” ಎಂದು ನಮ್ಮನೆಯವರು ಕೂಗಿದ್ದು ಕೇಳಿತು.

ಓಡಿ ಬಂದೆ. ಆರನೇ ಕಲ್ಲು ಒಂದು ಕಡೆ ನಾಲ್ಕು ಬೆರಳಷ್ಟು ಎದ್ದು ನಿಂತಿತ್ತು. ಅದರ ಅಂಚಿಗೆ ಕಾಲು ತಗುಲಿ ಅತ್ತೆ ಮುಂದಕ್ಕೆ ಬಿದ್ದಿದ್ದರು. ಪುಣ್ಯಕ್ಕೆ ಪಕ್ಕದ ಮೆತ್ತನೆಯ ಮಣ್ಣಿಗೆ ಬಿದ್ದಿದ್ದರು; ಮೊಣಕಾಲು ತರಚಿತ್ತು, ಅಷ್ಟೇ. ಉಳಿದ ಕಲ್ಲುಗಳನ್ನು ನೋಡಿದೆ. ಒಂದು ಆ ಕಡೆ ವಾಲಿದೆ, ಒಂದು ಈ ಕಡೆ. ಸಂದುಗಳಲ್ಲಿ ಕರಿ ಮಣ್ಣು ಗರಸನ್ನು ಸೀಳಿ ಮೇಲೆ ಬಂದಿತ್ತು.

ನಮ್ಮನೆಯವರು ಬೈದಿದ್ದರೆ ವಾಸಿಯಿತ್ತು, ನಾನೂ ಬೈಯಬಹುದಿತ್ತು. ತಾಯಿಯನ್ನು ಎತ್ತಿ ತಂದು ಮಂಚದ ಮೇಲೆ ಕೂಡಿಸಿ, ಕಾಲು ತೊಳೆದು, ಚಿಲಕ ಹಾಕಿ ಕೆಲಸಕ್ಕೆ ಹೋದರು. ಅತ್ತೆ ಆ ದಿನ ಊಟಕ್ಕೆ ಉಪ್ಪು ಜಾಸ್ತಿ ಅಂತಲೂ ಅನ್ನಲಿಲ್ಲ. ಸಂಜೆ ಸ್ಕೂಟರಿನ ಸದ್ದಾದಾಗ ಮಂಚದಿಂದ ಏಳಲೂ ಇಲ್ಲ.

ಅದನ್ನು ನೋಡಿ ನನಗೆ ಅಳು ಬಂತು. ಅವರ ಪಕ್ಕ ಕೂತು, “ಅತ್ತಿ, ತಪ್ಪು ನಂದು. ಗೊತ್ತಿದ್ದೂ ಗೊತ್ತಿದ್ದೂ ಮಾಡಿದೆ. ಅಂವ ಬ್ಯಾಡ ಅಂದ್ರೂ ಕೇಳ್ಲಿಲ್ಲ,” ಅಂದೆ.

“ನಿಂದೇನೈತವ್ವಾ. ಎರಿ ಅಂತ ಬಾಯಿ ಬಿಟ್ಟಾಕಿ ನಾನು,” ಅಂದರು. ನನ್ನ ಕೈ ಹುಡುಕಿ ಹಿಡಿದುಕೊಂಡರು. ಆಮೇಲೆ, “ಆ ಟ್ರ್ಯಾಕ್ಟರಿನ್ಯಾವಗ ಫೋನ್ ಹಚ್ಚು,” ಅಂದರು.

ಫೋನು ಹಿಡಿದು ಅತ್ತೆಯೇ ಮಾತಾಡಿದರು. “ನೀ ಹೇಳಿದ್ದ ಖರೆ ಆತಪಾ. ಕಲ್ಲು ಎಲ್ಲಾ ಕೀಳು. ಎರಿ ಪೂರ್ತಿ ತೆಗಿ, ಒಂದು ಹೆಂಟಿ ಬಿಡಬ್ಯಾಡ. ಆದ್ರ ಒಂದು ಮಾತು. ಗರಸು ತರಾಕ ಆಸ್ಪರಿ ಕಡಿ ಹೋಗಬೇಕಾದ್ರ ಟ್ರಾಲಿ ಖಾಲಿ ಹೋಗ್ತೈತಲ್ಲ? ಖಾಲಿ ಹೋಗಬ್ಯಾಡ. ಅದೇ ದಾರ್ಯಾಗ ನನ್ನ ಗಂಡನ ಹೊಲ ಐತಿ. ನನ್ನ ಸಣ್ಣ ಮಗ ಮಾಡಾಕತ್ತಾನ. ಈ ಎರಿ ಅಲ್ಲಿ ಸುರುವಿ ಬಾ.”

ಆ ಕಡೆಯಿಂದ ಅವನು, “ಸರೇ ಪೆದ್ದಮ್ಮಾ. ತಪ್ಪದ ಸುರುವಿ ಬರ್ತೀನಿ,” ಅಂದ. ನಿಲ್ಲದ ಬಾಯಿಯವನು ಅಷ್ಟೇ ಅಂದು ಫೋನು ಇಟ್ಟ.

ಈ ಸಲ ಐದು ಅಡಿ ಅಗಲ, ಮೂರು ಅಡಿ ಆಳ. ನಾನು ಒಂದು ವಾರ ರಜೆ ಹಾಕಿ, ಟೇಪು ಹಿಡಿದು ಗುಂಡಿಯ ದಂಡೆಯಲ್ಲೇ ನಿಂತೆ. ಅದೇ ಕೋಸಗಿಯವರು ಅಗೆದರು. ಗರಸನ್ನು ಗೇಣುಗೇಣು ಹಾಕಿ, ನೀರು ಹೊಡೆದು, ಪ್ರತಿ ಪದರಕ್ಕೂ ದಿಮ್ಮಸು ಕೊಟ್ಟರು. ಮಳೆ ನೀರು ನಿಲ್ಲದ ಹಾಗೆ ಪಕ್ಕಕ್ಕೆ ಕಾಲುವೆ ತೆಗೆಸಿದೆ. ಎರೆ ತುಂಬಿದ ಟ್ರಾಲಿ ಗೇಟು ದಾಟುವಾಗೆಲ್ಲ ಅತ್ತೆ ಬೆರಳು ಮಡಚುತ್ತಿದ್ದರು. ಕೊನೆಯದು ಹೋದಾಗ ನಾಲ್ಕು ಬೆರಳು ಮಡಚಿದ್ದವು.

“ಕಡೀಕೂ ನನ್ನ ಗಂಡಗ ಎರಿ ಹೊಲ ಬಂತು ನೋಡವ್ವಾ. ನಾಕು ಟ್ರಾಲಿ ಅಷ್ಟು,” ಎಂದು ನಕ್ಕರು. ನಗುತ್ತಲೇ ಕಣ್ಣು ಒರೆಸಿಕೊಂಡರು. ಕಾಣದಿದ್ದರೂ ಆ ಕಣ್ಣಲ್ಲಿ ನೀರಿಗೇನೂ ಕೊರತೆಯಿರಲಿಲ್ಲ.

ಕಲ್ಲುಗಳನ್ನು ಮತ್ತೆ ಕೂಡಿಸುವಾಗ ಅತ್ತೆ ಒಂದೊಂದರ ಮೇಲೂ ನಿಂತು ಹಿಮ್ಮಡಿ, ಬೆರಳು ಎಂದು ಭಾರ ಹಾಕಿ ನೋಡಿದರು. ನಾಲ್ಕನೆಯದನ್ನು ಎರಡು ಸಲ ಕೀಳಿಸಿದರು. ಅದು ಅಲ್ಲಾಡುವುದು ನಮ್ಮ ಯಾರ ಕಾಲಿಗೂ ಗೊತ್ತಾಗಲಿಲ್ಲ. ಆಮೇಲೆ ಹಿಂಗಾರಿ ಮಳೆ ಬಂತು, ಮೊದಲಿಗಿಂತ ಜೋರಾಗಿಯೇ ಬಂತು. ಬೆಳಿಗ್ಗೆ ಎದ್ದು ನಾನು ಮಾಡುತ್ತಿದ್ದ ಮೊದಲ ಕೆಲಸ ಹನ್ನೊಂದು ಕಲ್ಲನ್ನೂ ತುಳಿದು ನೋಡುವುದು. ಒಂದೂ ಮಿಸುಕಲಿಲ್ಲ. ಆದರೂ ನಮ್ಮನೆಯವರು ಚಿಲಕದ ಮಾತೆತ್ತಲಿಲ್ಲ, ನಾನೂ ಕೇಳಲಿಲ್ಲ. ಅತ್ತೆಯಂತೂ ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಕಲ್ಲು ಕೂಡಿಸುವಾಗ ನಾವೆಲ್ಲ ಸುತ್ತ ಇದ್ದೆವು; ಒಬ್ಬರೇ ಇಳಿಯಲು, ಬಿದ್ದ ಅಂಜಿಕೆ ಇನ್ನೂ ಮೈಯಲ್ಲಿತ್ತು.

ಒಂದು ಸಂಜೆ ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಹಾಲಿನವನಿಗೆ ತೆಗೆದ ಚಿಲಕ ಹಾಕಲು ಮರೆತಿದ್ದೆ. ಮರೆತೆನೋ ಬಿಟ್ಟೆನೋ, ನನಗೇ ಗೊತ್ತಿಲ್ಲ. ಹೊರಗೆ ಸ್ಕೂಟರಿನ ಸದ್ದಾಯಿತು. ಅದರ ಹಿಂದೆಯೇ ಗ್ರಿಲ್ಲು ಕಿರ್ ಎಂದಿತು. ಹಿಟ್ಟಿನ ಕೈಯಲ್ಲೇ ಓಡಿದವಳು ವರಾಂಡದಲ್ಲಿ ನನ್ನನ್ನು ನಾನೇ ಹಿಡಿದು ನಿಲ್ಲಿಸಿಕೊಂಡೆ.

ಅತ್ತೆ ಇಳಿದಿದ್ದರು. “ನಾಕು… ಐದು…” ಎಂದು ಎಣಿಸುತ್ತಿದ್ದರು. ಗೇಟಿನ ಆಚೆ ನಮ್ಮನೆಯವರು ಸ್ಕೂಟರಿನ ಮೇಲೆ ಕೂತಿದ್ದಾರೆ. ಅವರೂ ನೋಡಿದರು. ಕೂಗುತ್ತಾರೆ ಎಂದುಕೊಂಡೆ, ಕೂಗಲಿಲ್ಲ. ಐದರ ಮೇಲೆ ಅತ್ತೆ ನಿಂತರು. ಬಲಗಾಲು ಮುಂದಿಟ್ಟು, ಆರನೇ ಕಲ್ಲಿನ ಅಂಚನ್ನು ಹೆಬ್ಬೆರಳಿನಿಂದ ಈ ಕಡೆಯಿಂದ ಆ ಕಡೆ ತನಕ ಸವರಿದರು. ಆಮೇಲೆ “ಆರು,” ಅಂದರು. ಎಂಟರ ಮೇಲೆ ಒಂದು ಸಣ್ಣ ನಗು. ಹನ್ನೊಂದು. ಕಾಲ ಕೆಳಗೆ ಜಲ್ಲಿ ಕರಕರ ಎಂದಿತು. ಕೈ ಚಾಚಿ ಅಗುಳಿ ಹುಡುಕಿ ಎತ್ತಿದರು.

“ಬಾ,” ಅಂದರು ಮಗನಿಗೆ. “ಯಾಕ ಹೊರಗ ನಿಂತಿ?”

ನಮ್ಮನೆಯವರು ಸ್ಕೂಟರು ಆರಿಸಿ, ಇಳಿದು, ತಳ್ಳಿಕೊಂಡು ಒಳಗೆ ಬಂದರು. ತಾಯಿಗೂ ನನಗೂ ಮುಖ ಕೊಡದೆ ನೇರ ಒಳಗೆ ಹೋಗಿ ಸ್ಕ್ರೂಡ್ರೈವರ್ ತಂದರು. ಬೂಟು ಬಿಚ್ಚುವ ಮೊದಲು ಚಿಲಕ ಬಿಚ್ಚಿದರು.

ಅದಾದ ಮೇಲೆ ಅವರಲ್ಲಿ ಒಂದೇ ಒಂದು ಹೊಸ ಅಭ್ಯಾಸ ಶುರುವಾಯಿತು. ಮೊದಲು ಹಾರ್ನು ಹೊಡೆಯುತ್ತಲೇ ಇರಲಿಲ್ಲ. ಈಗ ನಮ್ಮ ಬೀದಿಯ ತಿರುವಿಗೆ ಬರುವ ಮೊದಲೇ ಒಮ್ಮೆ ಹೊಡೆಯುತ್ತಾರೆ, ಅಲ್ಲಿಂದ ಸ್ಕೂಟರನ್ನು ನಿಧಾನ ಮಾಡುತ್ತಾರೆ. ಹನ್ನೊಂದು ಕಲ್ಲು ದಾಟಲು ಅವರವ್ವನಿಗೆ ಅಷ್ಟು ಹೊತ್ತು ಬೇಕು.